ಸೈರನ್ ಕೂಗದ ಸಂಜೆ

ನಮ್ಮೂರಿನ ಪ್ರತಿಯೊಂದು ಫೋನಿನಲ್ಲೂ ಈಗ ನಾನೇ ಹಾಕಿಕೊಟ್ಟ ಒಂದು ಕೆಂಪು ಗುಂಡಿ ಇದೆ. ಅದರ ಮೇಲೆ ಚಿತ್ರವಿಲ್ಲ, ಅಕ್ಷರವೂ ಇಲ್ಲ, ಬೋಳು ಗುಂಡಿ. ಹೊಸೂರಿನಿಂದ ಬಂದ ನೆಂಟರು ಅದನ್ನು ನೋಡಿ, ಏನಪ್ಪ ಇದು, ಮೇಲೊಂದು ಹೆಸರಾದರೂ ಬರೆಯಬಾರದಿತ್ತೇ ಎಂದು ಕೇಳುತ್ತಾರೆ. ನಾನು ಮಾತು ತಿರುಗಿಸಿ ಕಾಫಿ ಕುಡಿಯುತ್ತೀರಾ ಎನ್ನುತ್ತೇನೆ. ಉತ್ತರ ಕೊಡಬೇಕೆಂದರೆ ನನ್ನ ದಡ್ಡತನವನ್ನೆಲ್ಲ ಬಿಚ್ಚಿಡಬೇಕು. ಇವತ್ತು ಬಿಚ್ಚಿಟ್ಟೇಬಿಡುತ್ತೇನೆ. ಭಾನುವಾರ, ಮಧ್ಯಾಹ್ನ ಹನ್ನೆರಡು ಗಂಟೆ, ಬಿಸಿಲು ಚೆನ್ನಾಗಿದೆ. ಇದನ್ನು ಬರೆಯುವುದಾದರೆ ಹಗಲಲ್ಲೇ ಬರೆಯಬೇಕು. ಯಾಕೆಂದು ಮುಂದೆ ತಿಳಿಯುತ್ತದೆ.

ನನ್ನ ಹೆಸರು ಉಮಾಶಂಕರ್. ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ಕೆಲಸ, ಇಪ್ಪತ್ತಾರು ವರ್ಷದ ಸರ್ವೀಸು. ಊರು ಸಾನಮಾವು ಕಾಡಿನ ಮಗ್ಗುಲಲ್ಲಿ, ಕನ್ನಡ, ತಮಿಳು, ತೆಲುಗು ಮೂರೂ ನಡೆಯುವ ಗಡಿಯಲ್ಲಿ. ಅರವತ್ತು ಮನೆ, ಒಂದು ಹಾಲಿನ ಡೈರಿ, ಒಂದು ಕೆರೆ, ಮಿಕ್ಕಿದ್ದೆಲ್ಲ ರಾಗಿ ಹೊಲ. ರಾಗಿ ತೆನೆಗೆ ಹಾಲು ತುಂಬುವ ಹೊತ್ತಿಗೆ ಕಾಡಿನಿಂದ ಆನೆಗಳು ಇಳಿಯುತ್ತವೆ. ಕೊಯ್ಲು ಮುಗಿದು ಮೆದೆ ಒಟ್ಟಿದ ಮೇಲೂ ಅವು ಹೊರಡುವುದಿಲ್ಲ. ಕಾರ್ತಿಕದಿಂದ ಸಂಕ್ರಾಂತಿವರೆಗೆ ಸಂಜೆ ಆರರ ಮೇಲೆ ಹೊರಗೆ ಹೋದವರು ಮನೆಗೆ ಬರುವ ತನಕ ಮನೆಯವರ ಹೊಟ್ಟೆಯಲ್ಲಿ ಬೆಂಕಿ.

ನಮಗೆ ಇದ್ದ ಧೈರ್ಯ ಒಂದೇ, ನೀರಿನ ಟ್ಯಾಂಕಿನ ಮೇಲಿನ ಸೈರನ್. ನಾಲ್ಕು ವರ್ಷದ ಹಿಂದೆ ಒಂದು ಕಂಪನಿಯವರು ಬಂದು ಅದನ್ನು ಕೂರಿಸಿ, ಡೈರಿಯ ಕಂಪ್ಯೂಟರಿಗೂ ನಮ್ಮೆಲ್ಲರ ಫೋನಿಗೂ ಒಂದು ದೊಡ್ಡ ಸಾಫ್ಟ್‌ವೇರ್ ಕಟ್ಟು ಹಾಕಿಕೊಟ್ಟಿದ್ದರು. ಆ ಕಟ್ಟಿನಲ್ಲಿ ಏನಿರಲಿಲ್ಲ ಹೇಳಿ. ಪತ್ರ ಬರೆಯುವುದು, ಲೆಕ್ಕ ಬರೆಯುವುದು, ಮೇಲ್, ನಕ್ಷೆ, ಫೋಟೋ ಜೋಪಾನ, ವೈರಸ್ ಕಾಯುವ ಕಾವಲುಗಾರ. ನಾವು ಉಪಯೋಗಿಸಿದ್ದು ಅದರಲ್ಲಿ ಒಂದೇ ಒಂದನ್ನು. ಫೋನಿನಲ್ಲಿ ಆನೆಯ ಚಿತ್ರದ ಒಂದು ಗುಂಡಿ ಇತ್ತು. ಆನೆ ಕಂಡವರು ಅದನ್ನು ಮೂರು ಸಲ ಒತ್ತಿದರೆ ಸೈರನ್ ಶುರುವಾಗುತ್ತಿತ್ತು, ನಿಮಿಷಕ್ಕೊಮ್ಮೆಯಂತೆ ಒಂದು ಗಂಟೆ ಕೂಗುತ್ತಿತ್ತು. ಆನೆಗಳು ಅದಕ್ಕೆಲ್ಲ ಹೆದರುವವಲ್ಲ. ಅದು ಇದ್ದದ್ದು ಮನುಷ್ಯರಿಗೆ, ಇದ್ದಲ್ಲೇ ಇರಿ ಎಂದು ಹೇಳುವುದಕ್ಕೆ.

ಮೂರು ವರ್ಷ ಬಿಟ್ಟಿ, ಆಮೇಲೆ ವರ್ಷಾವರಿ ಬಾಡಿಗೆ. ಮೂರು ವರ್ಷ ಮುಗಿದು, ಒಂದು ವರ್ಷದ ಬಾಡಿಗೆಯನ್ನು ಡೈರಿ ಹೇಗೋ ಕಟ್ಟಿತು. ಎರಡನೇ ವರ್ಷದ ಕಾಗದ ಬಂದಾಗ ನನ್ನ ಪಿತ್ತ ನೆತ್ತಿಗೇರಿತು. ನನ್ನ ಸ್ವಭಾವವೇ ಹಾಗೆ. ಪುಕ್ಕಟೆ ಸಿಗುವ ಸಾಫ್ಟ್‌ವೇರಿಗೆ ಯಾರಾದರೂ ಕಾಸು ಕೊಟ್ಟರೆ, ಅದು ಅವರ ಕಾಸೇ ಆದರೂ ನನಗೆ ಸಂಕಟ. ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಕಾಸು ಕೊಟ್ಟ ಒಂದು ಅಕ್ಷರವೂ ಇಲ್ಲ. ಕಾರ್ಖಾನೆಯಲ್ಲಿ ಅರ್ಧ ಜನಕ್ಕೆ ನಾನೇ ಬದಲಾಯಿಸಿಕೊಟ್ಟಿದ್ದೇನೆ, ಕೇಳದವರಿಗೂ ಬದಲಾಯಿಸಿಕೊಟ್ಟಿದ್ದೇನೆ. ಗಾಳಿಗೆ ಬಿಲ್ ಬಂದರೆ ನಮ್ಮಪ್ಪ ಉಸಿರಾಡೋದನ್ನೇ ಬಿಟ್ಟುಬಿಡುತ್ತಾನೆ ಎಂದು ಮಗಳು ವನಿತಾ ಆಡಿಕೊಳ್ಳುತ್ತಾಳೆ.

ಬಾಡಿಗೆಯ ವಿಷಯ ಮಾತಾಡಲು ಕಂಪನಿಯಿಂದ ಚಂದ್ರಲೇಖಾ ಎಂಬ ಹೆಣ್ಣುಮಗಳು ಬಂದಿದ್ದಳು, ಕೃಷ್ಣಗಿರಿಯವಳು. ಡೈರಿಯ ಜಗಲಿಯ ಮೇಲೆ ಊರೆಲ್ಲ ಕೂತಿತ್ತು. ಒಂದು ಗುಂಡಿಗೋಸ್ಕರ ನಲವತ್ತು ಸಾಮಾನು ಯಾಕಮ್ಮ ಕೊಳ್ಳಬೇಕು, ಬರೀ ಗುಂಡಿ ಕೊಡು ಎಂದೆ. ಬಿಡಿಯಾಗಿ ಕೊಡುವ ಪದ್ಧತಿ ಇಲ್ಲ ಸರ್ ಎಂದಳು. ಹಾಗಾದರೆ ನಿನ್ನ ಕಟ್ಟು ನೀನೇ ಹೊತ್ತುಕೊಂಡು ಹೋಗು, ನಾನು ಪುಕ್ಕಟೆ ಸಾಮಾನಿನಲ್ಲೇ ಇದನ್ನು ಮಾಡಿ ತೋರಿಸುತ್ತೇನೆ ಎಂದೆ. ಜನ ಚಪ್ಪಾಳೆ ತಟ್ಟಿದರು. ಆ ಹುಡುಗಿ ಕೋಪಿಸಿಕೊಳ್ಳಲಿಲ್ಲ. ಹೇಗೆ ಮಾಡುತ್ತೀರಿ ಎಂದು ಕೇಳಿದಳು. ಊರವರದೊಂದು ಮೆಸೇಜ್ ಗುಂಪು, ಗುಂಪಿನಲ್ಲಿ ಡೈರಿಯ ಕಂಪ್ಯೂಟರೂ ಒಬ್ಬ ಮೆಂಬರು, ಯಾರಾದರೂ ಆನೆ ಎಂದು ಬರೆದರೆ ಅದು ಓದಿ ಸೈರನ್ ಹಾಕುತ್ತದೆ ಎಂದೆ.

"ಆ ಹೊತ್ನಲ್ಲಿ ನಿಮ್ಮವ್ರು ಅದನ್ನ ಬರೀತಾರಾ ಸರ್?" ಎಂದಳು.

ನಮ್ಮವರಿಗೆ ಅಕ್ಷರ ಬರುವುದಿಲ್ಲ ಎಂದುಕೊಂಡೆಯಾ, ಒಂದಲ್ಲ ಮೂರು ಭಾಷೆಯಲ್ಲಿ ಬರೆಯುತ್ತಾರೆ ಎಂದು ಬಾಯಿ ಮುಚ್ಚಿಸಿದೆ. ಅವಳು ಕೇಳಿದ್ದು ಅಕ್ಷರದ ವಿಷಯವೇ ಇರಬೇಕು. ಆದರೂ ಆ ಪ್ರಶ್ನೆಯನ್ನು ನಾನು ಇನ್ನೊಂದು ಗಳಿಗೆ ಬಾಯಲ್ಲಿಟ್ಟುಕೊಂಡು ಜಗಿಯಬೇಕಿತ್ತು.

ಡೈರಿಯ ಸೆಕ್ರೆಟರಿ ಬಚ್ಚಪ್ಪ ಬೀಗದ ಕೈ ಕೊಟ್ಟ. ನಾಲ್ಕು ಭಾನುವಾರ ಹಿಡಿಯಿತು. ಕಂಪನಿಯ ಕಟ್ಟನ್ನು ಕಂಪ್ಯೂಟರಿನಿಂದಲೂ ಎಲ್ಲರ ಫೋನಿನಿಂದಲೂ ಬುಡಸಮೇತ ತೆಗೆದು ಪುಕ್ಕಟೆ ಸಾಮಾನು ಹಾಕಿದೆ. ಸೈರನ್ನಿನ ತಂತಿಯನ್ನು, ಕಂಪ್ಯೂಟರು ಹೇಳಿದಾಗ ತಾನೇ ಸ್ವಿಚ್ಚು ಹಾಕುವ ಒಂದು ಹೊಸ ರಿಲೇಗೆ ಎಳೆದೆ. ಗುಂಪಿಗೆ ನಲವತ್ತಮೂರು ಫೋನು ಸೇರಿದವು, ನಲವತ್ತನಾಲ್ಕನೆಯದು ಕಂಪ್ಯೂಟರು. ಹಗಲೂ ರಾತ್ರಿ ಎಲ್ಲರ ಮೆಸೇಜನ್ನೂ ಓದುತ್ತಾ ಕೂರುವ ಮೆಂಬರು ಅದೊಂದೇ, ಮಿಕ್ಕವರು ಹಬ್ಬದ ಶುಭಾಶಯ, ಹೂವಿನ ಚಿತ್ರಗಳ ಕಾಟಕ್ಕೆ ಗುಂಪಿನ ಸದ್ದು ಅಡಗಿಸಿಟ್ಟಿದ್ದರು. ಇಟ್ಟರೆ ಇಡಲಿ, ಸೈರನ್ ಇದೆಯಲ್ಲ ಎಂದುಕೊಂಡೆ.

ಪರೀಕ್ಷೆಯನ್ನು ಒಂದು ಭಾನುವಾರ ಮಧ್ಯಾಹ್ನ ಇಟ್ಟುಕೊಂಡೆವು. ಡೈರಿಯ ಕರಿಹಲಗೆಯ ಮೇಲೆ ಹಾಲಿನ ರೇಟು ಒರೆಸಿ, ಕಂಪ್ಯೂಟರಿಗೆ ಕಲಿಸಿದ ಮಾತುಗಳನ್ನೆಲ್ಲ ದೊಡ್ಡದಾಗಿ ಬರೆದೆ. ಆನೆ, ಯಾನೈ, ಏನುಗು, ಅವನ್ನೇ ತಮಿಳು ಅಕ್ಷರದಲ್ಲಿ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ, ಹೈಕಳು ಬರೆಯುವ ಅಡ್ಡಾದಿಡ್ಡಿ ಸ್ಪೆಲ್ಲಿಂಗಿನಲ್ಲಿ, ಎಲ್ಲ ಸೇರಿ ಇಪ್ಪತ್ತೆರಡು. ಜನ ಒಬ್ಬೊಬ್ಬರಾಗಿ ಬರೆದರು. ಇಪ್ಪತ್ತೆರಡು ಸಲವೂ ಸೈರನ್ ಕೂಗಿತು. ಹೊಲ ಕಾಯುವ ಮುನಿಯಪ್ಪನಂಥವನೇ ಬೆರಳು ಒದ್ದೆ ಮಾಡಿಕೊಂಡು ನಗುನಗುತ್ತಾ ಬರೆದ. ಆಮೇಲೆ ಬೋಂಡಾ ಕಾಫಿ ಆಯಿತು. ಜಗಲಿ ಖಾಲಿಯಾಗುವಾಗ ನಮ್ಮಮ್ಮ ರಾಮಲಕ್ಷ್ಮಮ್ಮ ಹಾಲಿನ ಚೆಂಬು ಹಿಡಿದು ಬಂದವಳು ಹಲಗೆ ನೋಡಿ ಅಲ್ಲೇ ನಿಂತಳು.

"ಹೊತ್ತು ಮುಳುಗ್ತಾ ಐತೆ ಕಣ್ಲಾ ಶಂಕ್ರಾ. ಅದನ್ನ ಒರಸ್ಬುಡು" ಎಂದಳು.

ಒರೆಸಿದೆ. ನೆನಪಿಡಿ, ನಾನೇ ಒರೆಸಿದೆ. ಒದ್ದೆ ಬಟ್ಟೆಯಿಂದ ಮೂಲೆಮೂಲೆಗೂ ಉಜ್ಜಿ, ಕೈ ತೊಳೆದುಕೊಂಡು ಮನೆಗೆ ಹೋದೆ. ಚಿಕ್ಕಂದಿನಿಂದ ದೀಪ ಹಚ್ಚುವಾಗ ಚಪ್ಪಲಿ ಬಿಡುವಂತೆ ಬಂದ ಅಭ್ಯಾಸ ಅದು. ಯೋಚಿಸುವ ವಿಷಯವೇ ಅಲ್ಲ ಎಂಬಂತೆ ಮಾಡಿಬಿಟ್ಟೆ.

ಹದಿನೈದು ದಿನ ಕಳೆದು ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅರಣ್ಯ ಇಲಾಖೆಯ ವಾಚರು, ಕಾಡಿನ ಅಂಚಿನಲ್ಲಿ ಒಂಟಿ ಯಾನೈ ನಿಂತಿದೆ ಎಂದು ತಮಿಳಿನಲ್ಲಿ ಗುಂಪಿಗೆ ಬರೆದ. ಬರೆದ ಕ್ಷಣವೇ ಸೈರನ್ ಕೂಗಿತು. ಅದಾದ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ಪುಕ್ಕಟೆ ಸಾಮಾನಿನ ಯೋಗ್ಯತೆ ನೋಡಿದಿರಾ ಎಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದು ವಾರ ಹೇಳಿದ್ದೇ ಹೇಳಿದ್ದು.

ಇನ್ನು ವನಿತಾ ವಿಷಯ. ನಮಗೆ ಅವಳೊಬ್ಬಳೇ ಮಗಳು. ಅವಲಪಲ್ಲಿಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಶಾಲೆ ಮುಗಿಸಿ, ಟ್ಯೂಷನ್ ಮುಗಿಸಿ, ಸ್ಕೂಟಿಯಲ್ಲಿ ಹೊರಟರೆ ಸಂಜೆ ಆರೂವರೆಗೆ ರಾಯಕೋಟೆ ರಸ್ತೆಯ ಹುಣಸೆಮರಕ್ಕೆ ಬರುತ್ತಾಳೆ. ಅಲ್ಲಿಂದ ನಮ್ಮೂರಿಗೆ ಮಣ್ಣುದಾರಿ. ಮುಕ್ಕಾಲು ಪಾಲು ಕೆರೆಯ ಏರಿಯ ಮೇಲೆ. ಒಂದು ಕಡೆ ನೀರು, ಒಂದು ಕಡೆ ಇಳಿಜಾರು ತುಂಬ ಮುಳ್ಳುಪೊದೆ, ಗಾಡಿ ತಿರುಗಿಸಲು ಜಾಗವಿಲ್ಲ. ಏರಿಯ ಮೇಲೆ ಆನೆಗೆ ಎದುರಾದವನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅದಕ್ಕೇ ನಮ್ಮೂರಿನವರಿಗೆಲ್ಲ ಒಂದು ಕಟ್ಟಳೆ ಇತ್ತು. ಹುಣಸೆಮರದ ಕೆಳಗೆ ಗಾಡಿ ಆಫ್ ಮಾಡಬೇಕು, ಲೈಟು ಆರಿಸಬೇಕು, ಮನಸ್ಸಿನಲ್ಲೇ ನೂರು ಎಣಿಸಬೇಕು. ಅಷ್ಟರಲ್ಲಿ ಸೈರನ್ ಕೇಳಿಸಿದರೆ ಅಲ್ಲೇ ಟೀ ಅಂಗಡಿಯಲ್ಲಿ ಕೂರಬೇಕು. ಕೇಳಿಸದಿದ್ದರೆ ಹೊರಡಬಹುದು. ನೂರಾದ ಮೇಲೆ ವನಿತಾ ಒಂದು ಕ್ಷಣವೂ ಹೆಚ್ಚಿಗೆ ನಿಲ್ಲುವವಳಲ್ಲ. ಲೆಕ್ಕದ ಮೇಷ್ಟ್ರು.

ಡಿಸೆಂಬರಿನ ಒಂದು ಗುರುವಾರ. ನನಗೆ ಫಸ್ಟ್ ಶಿಫ್ಟು, ಮೂರು ಗಂಟೆಗೇ ಮನೆ ಸೇರಿದ್ದೆ. ಹೆಂಡತಿ ತಂಗಿಯ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮೋಡ ಕಟ್ಟಿತ್ತು. ರಾಗಿ ಮೆದೆಗೆ ಟಾರ್ಪಾಲು ಹೊದಿಸಿ ಬರುತ್ತೇನೆಂದು ಐದು ಗಂಟೆಗೆ ಹೊಲಕ್ಕೆ ಹೊರಟೆ. ದೀಪ ಹಚ್ಚೋ ಹೊತ್ತಿಗೆ ಬಂದುಬಿಡು ಎಂದು ಅಮ್ಮ ಎರಡು ಸಲ ಹೇಳಿದಳು. ನಮ್ಮ ಹೊಲ ಊರಿಗೂ ಕೆರೆ ಏರಿಗೂ ನಡುವೆ. ಮೆದೆಯ ಪಕ್ಕದಲ್ಲಿ ಒಂದು ಕಲ್ಲಿನ ಗೋಡೆ, ನಮ್ಮ ತಾತನ ಕಾಲದ ಪಂಪ್‌ಶೆಡ್ಡಿನದು, ಎದೆಮಟ್ಟ ಉಳಿದಿದೆ. ಟಾರ್ಪಾಲು ಕಟ್ಟಿ ಮುಗಿಸಿದ ಮೇಲೆ ಆ ಗೋಡೆಗೆ ಒರಗಿ ಕೂತು ಫೋನ್ ತೆಗೆದೆ. ಯಾವುದೋ ಪುಕ್ಕಟೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿತ್ತು, ಓದುತ್ತಾ ಮೈಮರೆತೆ. ತಲೆ ಎತ್ತಿದಾಗ ಬೆಳಕು ಹೋಗಿತ್ತು.

ಸದ್ದು ಅಡಗಿಸಿಟ್ಟಿದ್ದ ಗುಂಪನ್ನು ನೋಡಿದ್ದು ಆಗ. ಹನ್ನೊಂದು ಮೆಸೇಜು ಬಂದು ಕೂತಿದ್ದವು. ಮೊದಲನೆಯದು ಅಟ್ಟಣೆಯ ಮೇಲಿದ್ದ ಮುನಿಯಪ್ಪನದು, ಆರು ಗಂಟೆ ಹನ್ನೆರಡು ನಿಮಿಷಕ್ಕೆ ಬರೆದದ್ದು. "ದೊಡ್ಡೋರು ಇಳೀತಾವ್ರೆ. ಮೂರು ಜನ. ಕೆರೆ ಕಡೆ." ಅದರ ಕೆಳಗೆ ಒಬ್ಬರು ತಮಿಳಿನಲ್ಲಿ ಪೆರಿಯವರು ಬಂದಿದ್ದಾರೆಯೇ ಎಂದು ಕೇಳಿದ್ದರು. ಇನ್ನೊಬ್ಬರು ತೆಲುಗಿನಲ್ಲಿ ಪೆದ್ದೋಳ್ಳು ಎಂದು ಬರೆದಿದ್ದರು. ಹೌದು ನಾನೂ ಕಂಡೆ, ಯಾರೂ ಹೊರಗೆ ಬರಬೇಡಿ ಎಂದು ಮತ್ತೊಬ್ಬರು. ಮದುವೆಗೆಂದು ಕೃಷ್ಣಗಿರಿಗೆ ಹೋಗಿದ್ದ ಬಚ್ಚಪ್ಪ ಅಲ್ಲಿಂದಲೇ, ಸೈರನ್ ಆಯ್ತೇನ್ರಪ್ಪಾ ಎಂದು ಕೇಳಿದ್ದ. ಅದಕ್ಕೆ ಯಾರೂ ಉತ್ತರ ಬರೆದಿರಲಿಲ್ಲ.

ಸೈರನ್ ಆಗಿರಲಿಲ್ಲ.

ಕರೆಂಟು ಹೋಗಿದೆಯಾ ಎಂದು ಊರ ಕಡೆ ನೋಡಿದೆ, ಟ್ಯಾಂಕಿನ ಮೇಲಿನ ಬಲ್ಬು ಉರಿಯುತ್ತಿತ್ತು. ನೆಟ್‌ವರ್ಕಾ? ಮೆಸೇಜುಗಳು ಬಂದಿವೆಯಲ್ಲ. ರಿಲೇ ಸುಟ್ಟಿತಾ, ಪ್ರೋಗ್ರಾಮು ನಿಂತಿತಾ, ಎಲ್ಲಿ ಎಡವಿದೆ ಎಂದು ತಲೆಯೊಳಗೇ ಒಂದೊಂದು ತಂತಿಯನ್ನೂ ಮುಟ್ಟಿ ನೋಡಿದೆ. ಡೈರಿಗೆ ಓಡಿಹೋಗಿ ಕೈಯಿಂದಲೇ ಹಾಕೋಣವೆಂದರೆ ಬೀಗದ ಕೈ ಬಚ್ಚಪ್ಪನ ಜೇಬಿನಲ್ಲಿ ಕೃಷ್ಣಗಿರಿಯಲ್ಲಿದೆ. ಡೈರಿಯ ಹೊರಗೋಡೆಯಲ್ಲಿದ್ದ ಸೈರನ್ನಿನ ಹಳೆಯ ಸ್ವಿಚ್ಚನ್ನು ಕಂಪನಿಯ ಸಾಮಾನು ಎಂದು ಕಿತ್ತೆಸೆದವನು ನಾನೇ.

ಆಗ ಮೆದೆಯ ಆ ಬದಿಯಲ್ಲಿ ಟಾರ್ಪಾಲು ಪರ್ ಎಂದು ಹರಿಯಿತು.

ಗೋಡೆಯ ಮೇಲಿಂದ ಕಣ್ಣಷ್ಟೇ ಎತ್ತಿ ನೋಡಿದೆ. ಮೂರರಲ್ಲಿ ಒಂದು, ಮೆದೆಯ ಹತ್ತಿರವೇ ನಿಂತಿತ್ತು. ನನಗೂ ಅದಕ್ಕೂ ಹತ್ತು ಮಾರು ಇದ್ದರೆ ಹೆಚ್ಚು. ಇನ್ನೆರಡು ಆಚೆ, ಏರಿಗೆ ಹತ್ತುವ ದಾರಿಯ ಬಾಯಲ್ಲೇ ನಿಂತು ಕಿವಿ ಆಡಿಸುತ್ತಿದ್ದವು. ಗಾಳಿ ಅವುಗಳ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು, ಅದೊಂದು ಪುಣ್ಯ. ಹಸಿ ಸಗಣಿ, ಕೆಸರು, ಮುರಿದ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ತಲೆ ತಗ್ಗಿಸಿ ಗೋಡೆಯ ಹಿಂದೆ ಕುಕ್ಕರಿಸಿದೆ.

ವನಿತಾಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ಓಡಿಸುವಾಗ ಅವಳು ಫೋನಿನ ಸದ್ದು ಅಡಗಿಸಿ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಹಾಕಿಡುತ್ತಾಳೆ. ಹಾಗೆ ಇಡಬೇಕೆಂದು ಬೈದು ಬೈದು ಕಲಿಸಿದವನೂ ನಾನೇ. ಬಗ್ಗಿ ಕೂತು, ಪರದೆಯ ಬೆಳಕನ್ನು ಅಂಗಿಯೊಳಗೆ ಮುಚ್ಚಿಕೊಂಡು ಗುಂಪಿಗೆ ಬರೆದೆ. "ದೊಡ್ಡೋರು ನಮ್ಮ ಹೊಲದಲ್ಲೇ ಅವ್ರೆ. ಸೈರನ್ ಯಾಕೆ ಆಗ್ತಿಲ್ಲ? ಯಾರಾದ್ರೂ ನೋಡಿ." ಕಳಿಸಿ ಕಿವಿ ನಿಮಿರಿಸಿ ಕಾದೆ. ಕಪ್ಪೆಗಳ ಸದ್ದು, ರಾಗಿ ಹುಲ್ಲನ್ನು ಸೆಳೆಯುವ ಸದ್ದು. ಸೈರನ್ ಇಲ್ಲ.

ಕಳಿಸಿದ್ದನ್ನು ಇನ್ನೊಂದು ಸಲ ಓದಿದೆ. ಆಗ ಗೊತ್ತಾಯಿತು.

ನಮ್ಮಲ್ಲಿ ಹೊತ್ತು ಇಳಿದ ಮೇಲೆ ಅದರ ಹೆಸರೆತ್ತುವುದಿಲ್ಲ. ಹೆಸರೆತ್ತಿದರೆ ಎತ್ತಿದವನ ಕಡೆಗೇ ಅದು ತಿರುಗುತ್ತದೆ ಎಂದು ನಂಬಿಕೆ, ಅಮ್ಮ ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟದ್ದು. ಕನ್ನಡದವರು ದೊಡ್ಡೋರು ಎನ್ನುತ್ತಾರೆ, ತಮಿಳಿನವರೂ ತೆಲುಗಿನವರೂ ಅವರವರ ಮಾತಿನಲ್ಲಿ ಅದನ್ನೇ ಎನ್ನುತ್ತಾರೆ. ಹಗಲಲ್ಲಿ ಎಷ್ಟು ಬೇಕಾದರೂ ಆನೆ ಆನೆ ಎನ್ನಿ, ಯಾರೂ ಕೇಳುವುದಿಲ್ಲ. ಅದಕ್ಕೇ ಪರೀಕ್ಷೆಯ ದಿನ ಮಧ್ಯಾಹ್ನ ಎಲ್ಲರೂ ನಗುನಗುತ್ತಾ ಬರೆದದ್ದು. ಅದಕ್ಕೇ ಅಮ್ಮ ಹಲಗೆ ಒರೆಸು ಎಂದದ್ದು. ಅದಕ್ಕೇ ನಾನು ಒರೆಸಿದ್ದು. ನಲವತ್ತಮೂರು ಜನ ಬರೆದದ್ದನ್ನೆಲ್ಲ ಕಂಪ್ಯೂಟರು ತಾಳ್ಮೆಯಿಂದ ಓದುತ್ತಿತ್ತು, ದೊಡ್ಡವರು ಯಾರೋ ಊರಿಗೆ ಬಂದಿದ್ದಾರೆ ಎಂದುಕೊಂಡು ಸುಮ್ಮನೆ ಕೂತಿತ್ತು. ಕಂಪನಿಯವರ ಗುಂಡಿಯನ್ನು ಒತ್ತಲು ಯಾರೂ ಯಾವ ಹೆಸರನ್ನೂ ಹೇಳಬೇಕಾಗಿರಲಿಲ್ಲ. ನಾನು, ಈ ಊರಲ್ಲೇ ಹುಟ್ಟಿದವನು, ಈ ಊರಿಗೇ ಮಾಡಿಕೊಟ್ಟದ್ದು ಇದು. ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನ್ನಿಸಿತು, ಹೊಡೆದುಕೊಂಡರೆ ಸದ್ದಾಗುತ್ತಿತ್ತು.

ಸರಿ, ಈಗ ಬರೆದರಾಯಿತಲ್ಲ ಎನ್ನುತ್ತೀರಿ. ಎರಡೇ ಅಕ್ಷರ. ನಾನೂ ಹಾಗೇ ಅಂದುಕೊಂಡು ಬೆರಳಿಟ್ಟೆ. "ಆ" ಎಂದು ಒತ್ತಿದೆ. ಮುಂದಕ್ಕೆ ಏನು ಬೇಕೆಂದು ಫೋನು ತಾನೇ ಊಹಿಸಿ ತೋರಿಸಿತು: ಆಯ್ತು, ಆಮೇಲೆ, ಆಫೀಸು. ಆ ಮಾತನ್ನು ಮಾತ್ರ ತೋರಿಸಲಿಲ್ಲ. ಬೆರಳು ಮುಂದಕ್ಕೆ ಹೋಗಲೊಲ್ಲದು.

ನಮ್ಮ ಚಿಕ್ಕಪ್ಪ ಮುನಿಯಲ್ಲಪ್ಪ ಸತ್ತದ್ದು ಹೀಗೇ ಒಂದು ಸಂಜೆ. ಅಟ್ಟಣೆಯಿಂದ ಇಳಿದು, ಹೆಸರು ಹಿಡಿದು ಕೂಗಿ, ಬಾರೋ ನೋಡ್ತೀನಿ ಎಂದಿದ್ದನಂತೆ. ಬೆಳಿಗ್ಗೆ ಅವನನ್ನು ಗೋಣಿಚೀಲದಲ್ಲಿ ತಂದರು. ನನಗಾಗ ಒಂಬತ್ತು ವರ್ಷ. ದೊಡ್ಡವನಾದ ಮೇಲೆ ನಾನು, ಅವನು ಕುಡಿದಿದ್ದ, ಅದಕ್ಕೇ ಸತ್ತ, ಹೆಸರಿಗೂ ಅದಕ್ಕೂ ಏನು ಸಂಬಂಧ ಎಂದು ಎಷ್ಟು ಜನರ ಹತ್ತಿರ ವಾದಿಸಿಲ್ಲ. ಆ ವಾದವೆಲ್ಲ ಹಗಲಿನವು. ಗೋಡೆಯ ಹಿಂದೆ ಬಗ್ಗಿ ಕೂತಿದ್ದವನಿಗೆ ನೆನಪಾದದ್ದು ಗೋಣಿಚೀಲ ಒಂದೇ. ನಾನು ನಂಬಿದ್ದೆ. ಐವತ್ತು ವರ್ಷ ನಂಬಿಕೊಂಡೇ ಇದ್ದೆ, ಗೊತ್ತಿರಲಿಲ್ಲ ಅಷ್ಟೆ.

ಕೆರೆಯಾಚೆ, ದೂರದಲ್ಲಿ, ರಾಯಕೋಟೆ ರಸ್ತೆ ಬಿಟ್ಟು ಒಂದು ಒಂಟಿ ಲೈಟು ತಿರುಗಿತು. ಹುಣಸೆಮರದ ಕೆಳಗೆ ಬಂದು ನಿಂತಿತು. ಆರಿತು.

ವನಿತಾ. ಎಣಿಸಲು ಶುರು ಮಾಡಿದಳು.

ನನಗೂ ಎಣಿಕೆ ಶುರುವಾಯಿತು, ನಾನು ಬೇಡವೆಂದರೂ ತಲೆಯೊಳಗೆ ಅದು ನಡೆಯುತ್ತಲೇ ಇತ್ತು. ಹತ್ತು. ಹದಿನೈದು. ಕೂಗಿದರೆ ಅಷ್ಟು ದೂರ ಕೇಳುವುದಿಲ್ಲ, ಇಲ್ಲಿರುವುದಕ್ಕೆ ಕೇಳುತ್ತದೆ. ಟಾರ್ಚ್ ಬೀಸಿದರೆ ಅಪ್ಪ ಹೊಲದಲ್ಲಿದ್ದಾನೆ ಎಂದುಕೊಂಡು ಇನ್ನೂ ಬೇಗ ಬರುತ್ತಾಳೆ. ಇನ್ನೊಂದು ಸಲ ಫೋನ್ ಮಾಡಿದೆ, ಡಿಕ್ಕಿಯೊಳಗೆ ಅದು ಸದ್ದಿಲ್ಲದೆ ಮಿನುಗಿ ನಿಂತಿರಬೇಕು. ಏರಿಯ ಬಾಯಲ್ಲಿದ್ದ ಎರಡರಲ್ಲಿ ಒಂದು ಮೇಲಕ್ಕೆ ಕಾಲಿಟ್ಟಿತು. ಮಣ್ಣು ಉದುರಿದ ಸದ್ದು ಕೇಳಿಸಿತು. ನಲವತ್ತು. ನಲವತ್ತೈದು.

ಬೆರಳು "ಆ"ದ ಮುಂದೆ ಇನ್ನೂ ನಿಂತೇ ಇತ್ತು. ಬರೆದರೆ ಅದು ತಿರುಗುತ್ತದೆ ಎನ್ನುವುದು ಬಿಟ್ಟು ಇನ್ನೊಂದು ಯೋಚನೆ ಬರಲೊಲ್ಲದು. ತಿರುಗುತ್ತದೆ, ಗೋಡೆ ಎದೆಮಟ್ಟ, ಕಲ್ಲಿಗೆ ಗಾರೆ ಕೂಡ ಇಲ್ಲ. ಅರವತ್ತು. ತಿರುಗುತ್ತದೆ. ತಿರುಗಿದರೆ ಯಾರ ಕಡೆಗೆ ತಿರುಗುತ್ತದೆ? ಹೆಸರೆತ್ತಿದವನ ಕಡೆಗೆ. ಅಂದರೆ ನನ್ನ ಕಡೆಗೆ. ಅಂದರೆ ಏರಿಗೆ ಬೆನ್ನು ಮಾಡಿ.

ಅಷ್ಟು ಹೊತ್ತು ಯಾವುದು ನನ್ನ ಕೈ ಹಿಡಿದಿತ್ತೋ ಅದೇ ಈಗ ಕೈ ಬಿಟ್ಟಿತು. ಅಮ್ಮ ಹೇಳಿದ್ದು ಸುಳ್ಳಾಗದಿರಲಿ, ನಿಜವಾಗಿಯೂ ತಿರುಗಲಿ ಎಂದು ಬೇಡಿಕೊಂಡೆ. ಎಪ್ಪತ್ತೆಂಟು ಎಣಿಸುತ್ತಾ ಎರಡನೆಯ ಅಕ್ಷರ ಒತ್ತಿದೆ. ಕಳಿಸಿದೆ.

ಒಂದು, ಎರಡು, ಮೂರು. ಟ್ಯಾಂಕಿನ ಮೇಲಿನ ಸೈರನ್ ಗಂಟಲು ಸರಿಮಾಡಿಕೊಂಡು ಕೂಗಿತು.

ಅಷ್ಟು ಕೆಟ್ಟ ಸದ್ದು ಅಷ್ಟು ಚೆಂದ ಕೇಳಿಸಿದ್ದು ಜನ್ಮದಲ್ಲಿ ಅದೇ ಮೊದಲು. ಹುಣಸೆಮರದ ಕಡೆಯೇ ಕಣ್ಣು ನೆಟ್ಟೆ. ತೊಂಬತ್ತು. ನೂರು. ನೂರ ಹತ್ತು. ಲೈಟು ಹೊತ್ತಲಿಲ್ಲ. ನೂರ ಇಪ್ಪತ್ತಕ್ಕೂ ಹೊತ್ತಲಿಲ್ಲ. ಆದರೆ ಕತ್ತಲೆಯಲ್ಲಿ ಕಣ್ಣು ಎಷ್ಟು ನಂಬುವುದು? ಲೈಟು ಹಾಕದೆಯೇ ಹೊರಟುಬಿಟ್ಟಿದ್ದರೆ? ಬಲ್ಬು ಕೆಟ್ಟಿದ್ದರೆ? ಅಲ್ಲಿಗೆ ಬಂದದ್ದು ಅವಳೇ ಹೌದೋ ಅಲ್ಲವೋ, ಅವಳು ಮುಂಚೆಯೇ ದಾಟಿ ಏರಿಯ ನಡುವೆ ಇದ್ದರೆ? ಹೆದರಿದವನ ತಲೆಗೆ ಹೊಳೆಯದೇ ಇರುವ ಕೆಡುಕೇ ಇಲ್ಲ. ಸೈರನ್ ಎರಡನೇ ಸಲ ಕೂಗಿ ನಿಂತಿತು.

ಆ ನಿಶ್ಶಬ್ದದಲ್ಲಿ ನನ್ನ ಫೋನು ಬಾರಿಸಿತು.

ಕಾರ್ಖಾನೆಯ ಗದ್ದಲದಲ್ಲೂ ಕೇಳಿಸಲೆಂದು ನಾನು ಅದರ ಗಂಟಲನ್ನು ಪೂರ್ತಿ ಬಿಚ್ಚಿಟ್ಟಿದ್ದೆ. ಹೊಲದ ತುಂಬ ಅದೇ ಸದ್ದು. ಪರದೆಯ ಮೇಲೆ ವನಿತಾ ಎಂದಿತ್ತು. ಅಂದರೆ ಡಿಕ್ಕಿ ತೆಗೆದಿದ್ದಾಳೆ, ಫೋನು ಕೈಯಲ್ಲಿದೆ, ಗಾಡಿ ನಿಂತಿದೆ, ಅವಳು ಹುಣಸೆಮರದ ಕೆಳಗೇ ಇದ್ದಾಳೆ.

ಮೆದೆಯ ಹತ್ತಿರದ್ದು ತಿರುಗಿತು. ಬಾಯಲ್ಲಿದ್ದ ಹುಲ್ಲಿನ ಕಂತೆಯನ್ನು ಕೆಳಗೆ ಹಾಕಿ, ಕಿವಿ ಅಗಲಿಸಿ, ಗೋಡೆಯ ಕಡೆಗೆ ಎರಡು ಹೆಜ್ಜೆ ಇಟ್ಟಿತು. ಏರಿ ಹತ್ತುತ್ತಿದ್ದದ್ದೂ ನಿಂತು ಇತ್ತ ನೋಡಿತು. ಫೋನಿನ ಪಕ್ಕದ ಗುಂಡಿ ಒಂದು ಸಲ ಒತ್ತಿದರೆ ಸದ್ದು ನಿಲ್ಲುತ್ತಿತ್ತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ನಾನು ಒತ್ತಲಿಲ್ಲ. ರಿಂಗು ತಾನೇ ನಿಂತಿತು, ಅವಳು ಮತ್ತೆ ಮಾಡಿದಳು. ನಾನು ಗೋಡೆಗೆ ಬೆನ್ನು ಕೊಟ್ಟು, ಫೋನನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು ಕೂತೆ. ಅದರ ಉಸಿರು ಗೋಡೆಯ ಆ ಬದಿಯಲ್ಲಿ ಕೇಳುತ್ತಿತ್ತು. ಮೇಲುಸಾಲಿನ ಒಂದು ಕಲ್ಲು ಉರುಳಿ ನನ್ನ ಭುಜಕ್ಕೆ ಬಿತ್ತು. ನಾಲ್ಕು ಸಲ ಫೋನ್ ಮಾಡಿದಳು. ನಾಲ್ಕು ಸಲವೂ ಪೂರ್ತಿ ಬಾರಿಸಲು ಬಿಟ್ಟೆ.

ಆಮೇಲೆ ಊರ ಕಡೆಯಿಂದ ಎರಡು ಟ್ರ್ಯಾಕ್ಟರುಗಳ ಲೈಟು ಬಂತು, ಪಟಾಕಿ ಸದ್ದು ಬಂತು, ತಮಟೆ ಬಂತು. ಗುಂಪಿನಲ್ಲಿ ನಾನು ಬರೆದದ್ದನ್ನು ನೋಡಿ, ಇವನು ಹೆಸರನ್ನೇ ಬರೆದುಬಿಟ್ಟಿದ್ದಾನೆ, ಇವನ ಕಥೆ ಮುಗಿಯಿತು ಎಂದು ಹೆದರಿ ಎದ್ದು ಬಂದರಂತೆ. ಮೂರೂ ಯಾವ ಅವಸರವೂ ಇಲ್ಲದೆ ಹೊಲ ಹಾದು ಕಾಡಿನ ಕಡೆಗೆ ಹೋದವು ಎಂದು ಮುನಿಯಪ್ಪ ಹೇಳಿದ. ನಾನು ನೋಡಲಿಲ್ಲ, ಕಣ್ಣು ತೆಗೆದಿರಲಿಲ್ಲ.

ವನಿತಾಳನ್ನು ಹುಣಸೆಮರದಿಂದ ಟ್ರ್ಯಾಕ್ಟರಿನಲ್ಲೇ ಕರೆತಂದರು. ಮನೆಯಲ್ಲಿ ಅಮ್ಮ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು, ನನ್ನ ಭುಜಕ್ಕೆ ಅರಿಶಿನದ ಎಣ್ಣೆ ಹಚ್ಚತೊಡಗಿದಳು. ವನಿತಾ ಬಂದಾಗಿನಿಂದ ಉರಿಯುತ್ತಿದ್ದಳು. ನೀನು ಎರಡು ಸಲ ಫೋನ್ ಮಾಡಿದ್ದೆ, ನಾನು ತಿರುಗಿ ಮಾಡಿದರೆ ಎತ್ತಲಿಲ್ಲ, ನಿನಗೇನೋ ಆಗಿಹೋಗಿದೆ ಅಂದುಕೊಂಡು ಆ ಮರದ ಕೆಳಗೆ ನಾನು ಹೇಗೆ ನಿಂತಿದ್ದೆ ಗೊತ್ತಾ ಎಂದು ಅತ್ತಳು.

"ಹೋಗ್ಲಿ, ಎತ್ತಕ್ ಆಗ್ದಿದ್ರೆ ಕಟ್ ಆದ್ರೂ ಮಾಡ್ಬಾರ್ದಿತ್ತಾ ಅಪ್ಪಾ? ಅಷ್ಟು ಹತ್ರ ಇತ್ತಂತೆ. ಯಾಕೆ ಹಂಗೇ ಬಿಟ್ಟೆ?"

ನಾನು ಅಮ್ಮನ ಮುಖ ನೋಡಿದೆ. ಅವಳು ಎಣ್ಣೆಯ ಬಟ್ಟಲಿಗೆ ಕೈ ಅದ್ದಿದವಳು ಹಾಗೇ ನಿಂತಿದ್ದಳು.

"ರಿಂಗ್ ಆಗೋ ತನಕ ನೀನು ಅಲ್ಲೇ ನಿಂತಿದೀಯ ಅಂತ ಗೊತ್ತಾಗ್ತಿತ್ತು ಕಣಮ್ಮಾ" ಎಂದೆ. "ಅದು ನಿಂತಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ."